ಒಂದೇ ಅಣುವಿನಲ್ಲಿ ಹರಿಯುವ ವಿದ್ಯುತ್ತು
(ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಬ್ಯಾಂಕಿನ ಗುಮಾಸ್ತರಿಗೆ ವಿಜ್ಞಾನದ ಗೊಡವೆ ಏಕೆಂದು ತಾವು ಕೇಳಬಹುದು. ನಾವು ಓದಿದ್ದು ಬಿ.ಕಾಂ., ದುಡಿಯುವುದು ಜಮಾ ಖರ್ಚಿನ ನಡುವೆ. ಈ ಭಾಷಣಕ್ಕೆ ಕಾರಣಳು ನೋಯ್ಡಾದ ಶಾಲೆಯೊಂದರಲ್ಲಿ ಆರನೆಯ ತರಗತಿ ಓದುತ್ತಿರುವ ನಮ್ಮ ಮಗಳು. ಒಂದೇ ಒಂದು ಅಣುವಿನ ಮೂಲಕ ಕರೆಂಟು ಹರಿಸುತ್ತಾರೆಂದು ಎಲ್ಲಿಯೋ ಓದಿ ಬಂದವಳು, ಕಣ್ಣಿಗೆ ಕಾಣದ ವಸ್ತು ಅಲ್ಲಿ ಒಂದೇ ಇದೆಯೆಂದು ಅವರಿಗೆ ಹೇಗೆ ಗೊತ್ತಾಯಿತೆಂದು ಕೇಳಿದಳು. ಕೇಳಿದ್ದು ಅರ್ಧ ಹಿಂದಿಯಲ್ಲಿ, ಅರ್ಧ ಇಂಗ್ಲಿಷಿನಲ್ಲಿ. ಈ ಸಭೆಯಲ್ಲಿ ಅದನ್ನು ಮುಚ್ಚಿಡುವುದಿಲ್ಲ. ಉತ್ತರವನ್ನಾದರೂ ಕನ್ನಡದಲ್ಲಿ ಕೊಡಬೇಕೆಂದು ಹಟ ಹಿಡಿದು ಕೆಲವು ವಾರ ಓದಿದೆವು. ತಪ್ಪಿದ್ದರೆ ಬಲ್ಲವರು ತಿದ್ದಬೇಕು.

ನಮ್ಮ ನಾಡಿಗೆ ವಿದ್ಯುತ್ತು ಹೊಸದಲ್ಲ. 1902ರಲ್ಲಿಯೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 90 ಮೈಲಿ ತಂತಿ ಎಳೆದು ಕರೆಂಟು ಕಳಿಸಿದ್ದರು. ಅಂಥ ತಂತಿಯಲ್ಲಿ ಎಲೆಕ್ಟ್ರಾನುಗಳು ಸಂತೆಯ ಜನದಂತೆ ನೂಕಾಡುತ್ತ, ಎಡವುತ್ತ ಸಾಗುತ್ತವೆ. ತಂತಿ ಎರಡರಷ್ಟು ಉದ್ದವಾದರೆ ತಡೆಯೂ ಎರಡರಷ್ಟು. ಸಾದಾ ಬಡ್ಡಿಯ ಲೆಕ್ಕ. ಒಂದು ಚಿಕ್ಕ ಅಣುವಿನ ಉದ್ದವಾದರೋ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲಿನ ಆಸುಪಾಸು. ಅಲ್ಲಿ ಸಂತೆಯೇ ಇಲ್ಲ. ಎಲೆಕ್ಟ್ರಾನು ತನ್ನ ಅಲೆಯ ಗುಣದಿಂದ ಈ ದಡದಿಂದ ಆ ದಡಕ್ಕೆ ದಾಟಿಬಿಡುತ್ತದೆ. ದಾಟುವ ಸಂಭವ ಎಷ್ಟೆಂಬುದೇ ಅಲ್ಲಿಯ ಲೆಕ್ಕ.

ಅಣುವೊಂದೇ ವಿದ್ಯುತ್ ಉಪಕರಣವಾಗಬಲ್ಲದೆಂದು ಅವಿರಾಮ್ ಮತ್ತು ರಾಟ್ನರ್ 1974ರಲ್ಲಿ ಕಾಗದದ ಮೇಲೆ ತೋರಿಸಿದರು. ಅಳೆಯುವುದು ಬೇರೆ ಮಾತು. 2003ರಲ್ಲಿ ಅಮೆರಿಕದ ಅರಿಜೋನ ಸ್ಟೇಟ್ ವಿಶ್ವವಿದ್ಯಾನಿಲಯದ ಷು ಮತ್ತು ಟಾವ್ ಹೂಡಿದ ಉಪಾಯ ನಮಗೆ ಬಹಳ ಹಿಡಿಸಿತು. ಅಣುಗಳು ಬೆರೆತ ದ್ರಾವಣದಲ್ಲಿ ಚಿನ್ನದ ಹಾಳೆಯೊಂದಕ್ಕೆ ಚಿನ್ನದ ಸೂಜಿಯ ಮೊನೆಯನ್ನು ತಾಕಿಸುತ್ತಾರೆ. ಆಮೇಲೆ ಮೆಲ್ಲನೆ ಹಿಂದಕ್ಕೆ ಎಳೆಯುತ್ತಾರೆ. ನಡುವಿನ ಚಿನ್ನ ಬೆಲ್ಲದ ಪಾಕದ ಎಳೆಯಂತೆ ಸಣ್ಣಗಾಗುತ್ತ ಒಂದು ಪರಮಾಣುವಿನ ದಪ್ಪಕ್ಕೆ ಬರುತ್ತದೆ. ಆಗ ತಡೆ ಸುಮಾರು 12,900 ಓಮ್‌ನಲ್ಲಿ ನಿಲ್ಲುತ್ತದೆ. ಈ ಅಂಕಿ ಪ್ರಕೃತಿಯೇ ಗೊತ್ತುಮಾಡಿದ್ದು. ಇಲ್ಲೇ ಪೂಸಾದಲ್ಲಿರುವ ರಾಷ್ಟ್ರೀಯ ಭೌತ ಪ್ರಯೋಗಾಲಯದವರು ಕ್ವಾಂಟಮ್ ಹಾಲ್ ಪರಿಣಾಮದಿಂದ ಓಮ್‌ನ ಮಾನಕವನ್ನು ಕಾಯುತ್ತಾರಲ್ಲ, ಅದರ 25,812.8 ಓಮ್‌ನ ಸರಿಯಾದ ಅರ್ಧ.

ಎಳೆ ಕಡಿಯಿತು. ಆ ಸಂದಿಯಲ್ಲಿ ಅಣುವೊಂದು ಎರಡು ತುದಿಗಳಲ್ಲಿ ಚಿನ್ನವನ್ನು ಹಿಡಿದು ಸೇತುವೆಯಾಗಿ ನಿಂತರೆ, ತೀರ ಕಡಿಮೆಯಾದ ಕರೆಂಟು ಕ್ಷಣಕಾಲ ಒಂದು ಮೆಟ್ಟಿಲಿನ ಮೇಲೆ ನಿಲ್ಲುತ್ತದೆ. ಇನ್ನೂ ಎಳೆದರೆ ಅದೂ ಹೋಗುತ್ತದೆ. ಎಷ್ಟೋ ಬಾರಿ ಅಣು ಸಿಕ್ಕುವುದೇ ಇಲ್ಲ. ಆದ್ದರಿಂದ ತಾಕಿಸುವುದು, ಎಳೆಯುವುದು, ಬರೆದಿಡುವುದು, ಹೀಗೆ ಸಾವಿರಾರು ಸಲ. ಒಂದು ಚೀಟಿ ನೋಡಿ ಯಾವ ಗುಮಾಸ್ತನೂ ಲೆಜರ್ ಮುಚ್ಚುವುದಿಲ್ಲ.

ಮಗಳ ಪ್ರಶ್ನೆಗೆ ಉತ್ತರ ಇರುವುದು ಈ ಲೆಜರಿನಲ್ಲಿಯೇ. ಎಲ್ಲವನ್ನೂ ಒಟ್ಟು ಹಾಕಿದಾಗ ಮೆಟ್ಟಿಲುಗಳು ಎಲ್ಲೆಂದರಲ್ಲಿ ಚೆದುರಿರಲಿಲ್ಲ. ಒಂದು ನಿರ್ದಿಷ್ಟ ಬೆಲೆ, ಅದರ ಎರಡರಷ್ಟು, ಅದರ ಮೂರರಷ್ಟು, ಈ ಕಡೆಗಳಲ್ಲಿಯೇ ಗುಂಪುಗೂಡಿದ್ದವು. ಹುಂಡಿಯ ಹಣವೆಲ್ಲ ಐದು, ಹತ್ತು, ಹದಿನೈದು ಎಂದೇ ಬಂದರೆ ಒಳಗಿರುವುದು ಐದರ ನಾಣ್ಯವೆಂದು ತಿಳಿಯಲು ಹುಂಡಿ ಒಡೆಯಬೇಕೆ? ಆ ಕಿರಿಯ ಬೆಲೆಯೇ ಒಂದು ಅಣುವಿನದು. ಅಣುಗಳಿಲ್ಲದ ಬರಿಯ ದ್ರಾವಣದಲ್ಲಿ ಆ ಮೆಟ್ಟಿಲು ಕಾಣಲಿಲ್ಲ.

ಅದೇ ಲೆಜರಿನಲ್ಲಿ ಇನ್ನೊಂದು ಬಾಬತ್ತು. ಸರಪಣಿಯಂಥ ಅಣುವಿನಲ್ಲಿ ಆರು ಇಂಗಾಲಗಳಿದ್ದಾಗ ತಡೆ 1 ಕೋಟಿ 5 ಲಕ್ಷ ಓಮ್. ಎಂಟಿದ್ದಾಗ 5 ಕೋಟಿ 10 ಲಕ್ಷ. ಹತ್ತಾದಾಗ 63 ಕೋಟಿ! ಇದು ಸಾದಾ ಬಡ್ಡಿಯಲ್ಲ, ಚಕ್ರಬಡ್ಡಿ. ಅಣುವಿನ ಆಕಾರವೂ ಲೆಕ್ಕಕ್ಕೆ ಬರುತ್ತದೆ. ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಲತಾ ವೆಂಕಟರಾಮನ್ ಮತ್ತು ಸಂಗಡಿಗರು ಎರಡು ಉಂಗುರಗಳ ಅಣುಗಳನ್ನು ಅಳೆದು 2006ರಲ್ಲಿ ತೋರಿಸಿದಂತೆ, ಉಂಗುರಗಳು ಒಂದೇ ಸಮತಲದಲ್ಲಿದ್ದರೆ ಕರೆಂಟು ಚೆನ್ನಾಗಿ ದಾಟುತ್ತದೆ, ಒಂದಕ್ಕೊಂದು ತಿರುಚಿಕೊಂಡಷ್ಟೂ ಇಳಿಯುತ್ತದೆ.

ಇಷ್ಟೊಂದು ಎಣಿಕೆ ಬೇಕೆ ಎನ್ನುವವರಿಗೆ ಒಂದು ಕಥೆ. ಬೆಲ್ ಲ್ಯಾಬ್ಸ್‌ನ ಷ್ಯೋನ್ ಎಂಬ ತರುಣ 2001ರಲ್ಲಿ ಅಣುವಿನ ಟ್ರಾನ್ಸಿಸ್ಟರನ್ನೇ ಮಾಡಿದೆನೆಂದು ಪ್ರಕಟಿಸಿದ. ಜಗತ್ತು ಕೊಂಡಾಡಿತು. ಬೇರೆಯವರು ಮಾಡಿನೋಡಿದರೆ ಬರಲಿಲ್ಲ. ಕೊನೆಗೆ ಬೇರೆಬೇರೆ ಪ್ರಯೋಗಗಳ ನಕ್ಷೆಗಳಲ್ಲಿ ಗೆರೆಯ ಸಣ್ಣ ನಡುಕವೂ ಒಂದೇ ಆಗಿರುವುದು ಕೆಲವರ ಕಣ್ಣಿಗೆ ಬಿತ್ತು. ಒಂದೇ ವೋಚರನ್ನು ಎರಡು ಖಾತೆಗೆ ಹಾಕಿದಂತೆ! 2002ರ ಸೆಪ್ಟೆಂಬರಿನಲ್ಲಿ ವಿಚಾರಣಾ ಸಮಿತಿ ವಂಚನೆಯನ್ನು ಸಾರಿತು. ನಮಗಂತೂ ಆ ಪತ್ತೆಹಚ್ಚಿದವರ ಮೇಲೆ ಷು ಮತ್ತು ಟಾವ್ ಅವರ ಮೇಲಿರುವಷ್ಟೇ ಗೌರವ.

ಈಗ ನಮ್ಮ ಬೆಂಗಳೂರಿನ ಮಾತು. ಭಾರತೀಯ ವಿಜ್ಞಾನ ಮಂದಿರದ ಶ್ರೀತೋಷ್ ಗೋಸ್ವಾಮಿಯವರ ತಂಡ 2024ರ ಸೆಪ್ಟೆಂಬರಿನಲ್ಲಿ ಅಣುಗಳಿಂದಾದ ಒಂದು ಉಪಕರಣವನ್ನು ಪ್ರಕಟಿಸಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಇಂಜಿನಿಯರಿಂಗ್ ಓದಿದ ನವಕಾಂತ ಭಟ್ಟರೂ ಆ ತಂಡದಲ್ಲಿದ್ದಾರೆ. ಸಾಮಾನ್ಯ ಸ್ವಿಚ್ಚಿಗೆ ಇದೆ, ಇಲ್ಲ ಎಂಬ ಎರಡೇ ಸ್ಥಿತಿ. ಇದಕ್ಕೆ ಹದಿನಾರು ಸಾವಿರಕ್ಕೂ ಮಿಕ್ಕಿ ಸ್ಥಿತಿಗಳು. ಲೆಕ್ಕ ಮಾಡುವುದೂ ನೆನಪಿಡುವುದೂ ಒಂದೇ ಕಡೆ ಆಗುವುದರಿಂದ ಕಂಪ್ಯೂಟರುಗಳು ನುಂಗುವ ವಿದ್ಯುತ್ತು ಬಹಳ ಉಳಿಯಬಹುದೆಂಬ ಆಸೆಯಿದೆ. ಆದರೆ ನಾವು ಜಮೆ ಮಾಡುವಾಗ ಎಚ್ಚರ ಬೇಕು: ಇಲ್ಲಿರುವುದು ಒಂಟಿ ಅಣುವಲ್ಲ, ಲೆಕ್ಕವಿಲ್ಲದಷ್ಟು ಅಣುಗಳ ತೆಳುವಾದ ಪದರ. ಎರಡನ್ನೂ ಒಂದೇ ಖಾತೆಗೆ ಹಾಕಬಾರದು.

ಇದನ್ನೆಲ್ಲ ಹೇಳಿದಾಗ ಮಗಳು ಹುಂಡಿಯ ಮಾತಿಗೆ ತಲೆಯಾಡಿಸಿದಳು. ಸೂಜಿಯನ್ನು ಕಣ್ಣಾರೆ ನೋಡಬೇಕೆಂದಳು. ವಿಜ್ಞಾನ ಮಂದಿರದಲ್ಲಿ ವರ್ಷಕ್ಕೊಂದು ದಿನ ಪ್ರಯೋಗಶಾಲೆಗಳ ಬಾಗಿಲನ್ನು ಎಲ್ಲರಿಗೂ ತೆರೆಯುತ್ತಾರೆ. ಆ ಹೊತ್ತಿಗೆ ಊರಿಗೆ ಹೋಗುವುದೆಂದು ಮಾತು ಕೊಟ್ಟಿದ್ದೇವೆ. ರಜೆಯ ಅರ್ಜಿ ಮ್ಯಾನೇಜರರ ಮೇಜಿನ ಮೇಲಿದೆ.