ಅಘನಾಶಿನಿಯ ಮೇಲೊಂದು ಹಳದಿ ವಿಮಾನ



ಕುಮಟಾ ಹತ್ತಿರದ ಮಿರ್ಜಾನದಲ್ಲಿ ಕೂತು ವಿಮಾನ ಹಾರಿಸುತ್ತೇನೆ ಎಂದರೆ ಯಾರಿಗಾದರೂ ನಗು ಬಂದೀತು. ನಮ್ಮೂರಿಗೆ ಕೊಂಕಣ ರೈಲು ಬರುತ್ತದೆ, ಹೆದ್ದಾರಿಯೂ ಇದೆ. ವಿಮಾನ ಬೇಕಾದರೆ ಗೋವೆಗೆ ಹೋಗಬೇಕು, ಇಲ್ಲವೇ ಘಟ್ಟ ಹತ್ತಿ ಹುಬ್ಬಳ್ಳಿಗೆ. ನಾನು ಹಾರಿಸುವುದು ಮನೆಯ ಕಂಪ್ಯೂಟರಿನಲ್ಲಿ, ರಾತ್ರಿ ಊಟ ಮುಗಿದ ಮೇಲೆ.

ಫ್ಲೈಟ್‌ಗೇರ್ ಅಂತ ಒಂದು ಸಿಮ್ಯುಲೇಟರ್ ಇದೆ. 1990ರ ದಶಕದಿಂದ ದೇಶದೇಶಗಳ ಹವ್ಯಾಸಿಗಳು ಸೇರಿ ಕಟ್ಟುತ್ತ ಬಂದದ್ದು. ಬಿಡಿಗಾಸು ಕೊಡಬೇಕಿಲ್ಲ. ಅದರಲ್ಲಿ ದೊಡ್ಡ ಜೆಟ್ ವಿಮಾನಗಳಿವೆ, ಯುದ್ಧವಿಮಾನಗಳಿವೆ. ನನಗೆ ಹಿಡಿಸಿದ್ದು ಮಾತ್ರ ಪೈಪರ್ ಕಬ್ ಎಂಬ ಹಳದಿ ಬಣ್ಣದ ಪುಟ್ಟ ತರಬೇತಿ ವಿಮಾನ. ಕೊಳವೆಗಳ ಚೌಕಟ್ಟಿಗೆ ಬಟ್ಟೆ ಬಿಗಿದ ಮೈ, ಹಿಂದೆ ಮುಂದೆ ಎರಡು ಸೀಟು, 65 ಅಶ್ವಶಕ್ತಿಯ ಎಂಜಿನ್. ಅಂದರೆ ನಮ್ಮ ಕುಮಟಾ ಪೇಟೆಯಲ್ಲಿ ಓಡಾಡುವ ಸಣ್ಣ ಕಾರಿನಷ್ಟೇ ಬಲ. 1938ರಿಂದ 1947ರ ಒಳಗೆ ಇಂಥವು ಹತ್ತಿರಹತ್ತಿರ 20,000 ತಯಾರಾದವು. ಎರಡನೇ ಮಹಾಯುದ್ಧದ ಕಾಲದ ಅಮೆರಿಕದ ಪೈಲಟ್‌ಗಳಲ್ಲಿ ಬಹಳ ಮಂದಿ ಮೊದಲ ಪಾಠ ಕಲಿತದ್ದು ಇದರಲ್ಲೇ.

ಇದನ್ನು ಕಂಪ್ಯೂಟರಿಗೆ ಇಳಿಸಿದವರು ಎಷ್ಟು ಹಠವಾದಿಗಳೆಂದರೆ, ವಿಮಾನದ ಒಂದು ಕಷ್ಟವನ್ನೂ ನಮಗೆ ಮಾಫಿ ಮಾಡಿಲ್ಲ. ಕೀಲಿ ತಿರುಗಿಸಿ ಹೊರಡುವ ಗಾಡಿ ಅಲ್ಲ ಇದು. ಬ್ಯಾಟರಿಯೂ ಇಲ್ಲ, ಸ್ಟಾರ್ಟರೂ ಇಲ್ಲ. ಮೊದಲು ವಿಮಾನಕ್ಕೆ ಒಂದು ಸುತ್ತು ಬರಬೇಕು. ರೆಕ್ಕೆಗೆ ಕಟ್ಟಿದ ಹಗ್ಗ ಬಿಚ್ಚಬೇಕು, ಎಂಜಿನ್ ಎಣ್ಣೆಯ ಮಟ್ಟ ನೋಡಬೇಕು. ಆಮೇಲೆ ಪ್ರೊಪೆಲ್ಲರನ್ನು ಕೈಯಿಂದ ತಿರುವಿ ಎಂಜಿನ್ ಎಬ್ಬಿಸಬೇಕು. ಕಂಪ್ಯೂಟರಿನಲ್ಲಾದರೆ ಬೆರಳು ಹೋಗುವ ಭಯವಿಲ್ಲ ಅಷ್ಟೇ.

ಪೆಟ್ರೋಲ್ ಮೀಟರು ನೋಡಿದರಂತೂ ನಮ್ಮ ದೋಣಿಯವರು ಮೆಚ್ಚಿಯಾರು. ಟ್ಯಾಂಕಿನೊಳಗೆ ಒಂದು ಬೂಚು ತೇಲುತ್ತಿರುತ್ತದೆ. ಅದಕ್ಕೆ ಸಿಕ್ಕಿಸಿದ ತಂತಿ, ಗಾಜಿನ ಮುಂದಿರುವ ಮುಚ್ಚಳದ ತೂತಿನಿಂದ ಹೊರಗೆ ನಿಂತಿರುತ್ತದೆ. ಪೆಟ್ರೋಲು ಇಳಿದಂತೆ ತಂತಿ ಗಿಡ್ಡವಾಗುತ್ತದೆ. ಮೀಟರು ಎಂದರೆ ಇಷ್ಟೇ. ಈ ತಂತಿಯ ಮೇಲೆ ಯಾರೋ ಒಬ್ಬರು ಸಂಬಳವಿಲ್ಲದೆ, ತಮ್ಮ ನಿದ್ದೆಯ ಹೊತ್ತಿನಲ್ಲಿ ಕೂತು ಕೆಲಸ ಮಾಡಿದ್ದಾರೆ. ಮಾರುವ ಸರಕಾಗಿದ್ದರೆ ಯಾವುದೋ ತಾರೀಖಿನೊಳಗೆ ಮುಗಿಸಬೇಕಿತ್ತು, ಆಗ ಮೊದಲು ಕೈಬಿಡುತ್ತಿದ್ದದ್ದು ಇಂಥ ತಂತಿಯನ್ನೇ ಎಂದು ನನ್ನ ಗುಮಾನಿ.

ನೆಲದ ಮೇಲೆ ಇದು ಇನ್ನೂ ತುಂಟ. ಮೂರನೇ ಚಕ್ರ ಬಾಲದಲ್ಲಿರುವುದರಿಂದ ಮೂಗು ಆಕಾಶ ನೋಡುತ್ತಿರುತ್ತದೆ, ಎದುರಿನ ದಾರಿ ಕಾಣುವುದಿಲ್ಲ. ಒಬ್ಬನೇ ಹಾರಿಸುವಾಗ ತೂಕ ಸರಿಯಾಗಲೆಂದು ಹಿಂದಿನ ಸೀಟಿನಲ್ಲೇ ಕೂರಬೇಕು, ಹಾಗಾಗಿ ಇನ್ನಷ್ಟು ಮರೆ. ಹಾವಿನ ಹಾಗೆ ಎಡಕ್ಕೆ ಬಲಕ್ಕೆ ಹೊರಳಿಸುತ್ತ, ಬದಿಯಿಂದ ಇಣುಕಿ ನೋಡುತ್ತ ರನ್‌ವೇ ತನಕ ಹೋಗಬೇಕು. ಥ್ರಾಟಲ್ ಕೊಟ್ಟ ಕೂಡಲೇ ವಿಮಾನ ಎಡಕ್ಕೆ ಎಳೆಯುತ್ತದೆ, ಬಲಗಾಲಿನಿಂದ ರಡ್ಡರ್ ಒತ್ತಿ ಹಿಡಿಯಬೇಕು. ಇಳಿಯುವಾಗ ಕಾಲು ಮೈಮರೆತರೆ ಬಾಲವೇ ಮುಂದೆ ಬಂದು ಗಿರಕಿ ಹೊಡೆಯುತ್ತದೆ.

ಗೋವೆಯ ದಾಬೋಳಿಯಿಂದ ಎದ್ದು ಕರಾವಳಿ ಹಿಡಿದು ತೆಂಕಣಕ್ಕೆ ಬಂದರೆ ಮಿರ್ಜಾನಕ್ಕೆ ಸುಮಾರು ಒಂದು ತಾಸು. ಗಂಟೆಗೆ 120 ಕಿಲೋಮೀಟರಿನ ಹತ್ತಿರ ಇದರ ಓಟ. ಅಷ್ಟು ಹೊತ್ತು ಕುರ್ಚಿಯಲ್ಲಿ ಕೂತಿರುವ ಬದಲು ರೈಲಿನಲ್ಲೇ ಹೋಗಿ ಬರಬಹುದಿತ್ತಲ್ಲ ಎಂದು ಮನೆಯವರು ಕೇಳುವುದುಂಟು. ನ್ಯಾಯವಾದ ಪ್ರಶ್ನೆ. ಆದರೆ ರೈಲಿನಲ್ಲಿ ಸೇತುವೆ ದಾಟುವಷ್ಟರಲ್ಲಿ ನದಿ ಮುಗಿಯುತ್ತದೆ. ಇಲ್ಲಿ ಕಾಳಿ ನದಿ ಕಡಲು ಸೇರುವುದು ಕಾಣುತ್ತದೆ, ಆಮೇಲೆ ಗಂಗಾವಳಿ, ಗೋಕರ್ಣ ದಾಟಿದ ಮೇಲೆ ತದಡಿಯಲ್ಲಿ ನಮ್ಮ ಅಘನಾಶಿನಿ. ಕಬ್ ವಿಮಾನದ ಬಲಬದಿಯ ಬಾಗಿಲನ್ನು ಹಾರುವಾಗಲೂ ತೆರೆದಿಡಬಹುದು. ತದಡಿಯ ಮೇಲೆ ಬಲಕ್ಕೆ ವಾಲಿಸಿ ಒಂದು ಸುತ್ತು ಹಾಕಿದರೆ ಅಳಿವೆ ಇಡಿಯಾಗಿ ಬಾಗಿಲ ಚೌಕಟ್ಟಿನೊಳಗೆ ಬರುತ್ತದೆ. ಗೋವಾ ನಿಲ್ದಾಣದ ಅಸಲಿ ಹವಾಮಾನ ವರದಿಯನ್ನು ಸಿಮ್ಯುಲೇಟರ್ ಓದಿಕೊಳ್ಳುವುದರಿಂದ, ಮಳೆಗಾಲದಲ್ಲಿ ಪಡುವಣ ಗಾಳಿ ಈ ಹಗುರ ವಿಮಾನವನ್ನು ಘಟ್ಟದ ಕಡೆಗೆ ತಳ್ಳುತ್ತಲೇ ಇರುತ್ತದೆ.

ಹಾಗೆಂದು ಎಲ್ಲವೂ ಅಲ್ಲಿಲ್ಲ. ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದುಕೊಂಡ ಮಿರ್ಜಾನದ ಚಿರೆಕಲ್ಲಿನ ಕೋಟೆ ನನ್ನ ಪರದೆಯಲ್ಲಿ ಇಲ್ಲ. ಕಗ್ಗ ಭತ್ತದ ಗಜನಿ ಗದ್ದೆಗಳು ಬರೀ ಹಸಿರು ಬಣ್ಣ. ಇಳಿತದ ಹೊತ್ತಿಗೆ ಬಳಚು ಹೆಕ್ಕುವವರು ಕಾಣುವುದಿಲ್ಲ. ಕುರ್ಚಿ ಕುಲುಕುವುದಿಲ್ಲ, ಹೊಟ್ಟೆಯಲ್ಲಿ ಕಸಿವಿಸಿಯಾಗುವುದಿಲ್ಲ. ಇದರಿಂದ ಪೈಲಟ್ ಆಗುತ್ತೇನೆಂಬ ಭ್ರಮೆ ನನಗಿಲ್ಲ.

ಆದರೆ ಈ ಕಬ್ ನನ್ನ ತಲೆಯಲ್ಲಿ ಇನ್ನೊಂದು ವಿಮಾನವನ್ನು ತಂದು ನಿಲ್ಲಿಸಿದೆ. ನಮ್ಮ ಬೆಂಗಳೂರಿನದೇ ಅದು, ಎಚ್‌ಎಎಲ್ ವಿಮಾನ ಕಾರ್ಖಾನೆಯ ಎಚ್‌ಟಿ-2. ಸ್ವತಂತ್ರ ಭಾರತ ತಾನೇ ವಿನ್ಯಾಸ ಮಾಡಿ ಹಾರಿಸಿದ ಮೊದಲ ತರಬೇತಿ ವಿಮಾನ. ವಿನ್ಯಾಸದ ಮುಂದಾಳು ಡಾ. ವಿ. ಎಂ. ಘಾಟಗೆ. ಜರ್ಮನಿಯ ಗಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟ್‌ಲ್ ಅವರ ಕೈಕೆಳಗೆ ಕಲಿತು ಬಂದವರು, ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಹೆಸರಾದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳಿದವರು. 1951ರ ಆಗಸ್ಟ್‌ನಲ್ಲಿ ಅದು ಮೊದಲ ಸಲ ನೆಲ ಬಿಟ್ಟಿತು. ಆಗ ನಮ್ಮ ವಾಯುಪಡೆಯ ಹುಡುಗರು ಕಲಿಯುತ್ತಿದ್ದ ವಿಮಾನಗಳಲ್ಲಿ ಇಂಗ್ಲೆಂಡಿನ ಟೈಗರ್ ಮಾತ್ ಎಂಬ ಎರಡಂತಸ್ತಿನ ರೆಕ್ಕೆಯ ವಿಮಾನವೂ ಒಂದು. ಎಚ್‌ಟಿ-2ಗೆ ಲೋಹದ ಮೈ, ಒಂದೇ ಅಂತಸ್ತಿನ ರೆಕ್ಕೆ, ಕಬ್ ವಿಮಾನಕ್ಕಿರುವಂತೆ ಬಾಲದಲ್ಲಿ ಚಕ್ರ. ಎಂಜಿನ್ 155 ಅಶ್ವಶಕ್ತಿಯದು. ನೂರೈವತ್ತಕ್ಕೂ ಹೆಚ್ಚು ತಯಾರಾದವು, ಆಫ್ರಿಕದ ಘಾನಾ ದೇಶವೂ ತರಿಸಿಕೊಂಡಿತು. 1980ರ ದಶಕದ ತನಕ ಅದರಲ್ಲಿ ಪಾಠ ನಡೆಯಿತು.

ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಇವತ್ತಿಗೂ ಒಂದು ಎಚ್‌ಟಿ-2 ನಿಂತಿದೆ. ನೋಡಬಹುದು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬಹುದು. ಆದರೆ ಸಂಗ್ರಹಾಲಯ ಉಳಿಸಿಕೊಳ್ಳುವುದು ವಿಮಾನದ ಮೈಯನ್ನು, ನಡೆಯನ್ನಲ್ಲ. ಥ್ರಾಟಲ್ ಕೊಟ್ಟಾಗ ಯಾವ ಕಡೆ ಎಳೆಯುತ್ತಿತ್ತು, ನಿಧಾನವಾದಾಗ ರೆಕ್ಕೆ ಹೇಗೆ ನಡುಗಿ ಎಚ್ಚರಿಕೆ ಕೊಡುತ್ತಿತ್ತು, ಹೊಸ ಹುಡುಗ ಯಾವ ತಪ್ಪು ಮಾಡುತ್ತಿದ್ದ, ಹಿಂದೆ ಮುಂದೆ ಕೂತ ಗುರುಶಿಷ್ಯರು ಗದ್ದಲದಲ್ಲಿ ಹೇಗೆ ಮಾತಾಡಿಕೊಳ್ಳುತ್ತಿದ್ದರು, ಇದೆಲ್ಲ ಅದನ್ನು ಹಾರಿಸಿದವರ ಕೈಕಾಲುಗಳಲ್ಲಿ ಮಾತ್ರ ಇದೆ. ಅದರಲ್ಲಿ ಕೊನೆಯ ಪಾಠ ಕಲಿತವರಿಗೂ ಈಗ ವಯಸ್ಸಾಗುತ್ತ ಬಂತು. ಆ ನಡೆಯನ್ನು ಹಿಡಿದಿಡುವ ಜಾಗ ಸಿಮ್ಯುಲೇಟರ್. ಯಾರೋ ಪುಣ್ಯಾತ್ಮರು ಕಬ್ ವಿಮಾನದ ಬೂಚು ತಂತಿಯನ್ನು ಉಳಿಸಿದ ಹಾಗೆ.

ಕಾರವಾರದಿಂದ ಭಟ್ಕಳದವರೆಗೆ ಸೈನ್ಯದಲ್ಲಿ, ನೌಕಾಪಡೆಯಲ್ಲಿ, ವಾಯುಪಡೆಯಲ್ಲಿ ದುಡಿದು ಬಂದ ಹಿರಿಯರು ನಮ್ಮ ನಡುವೆ ಇದ್ದಾರೆ. ನಿಮ್ಮ ಮನೆಯಲ್ಲೋ ನೆಂಟರಲ್ಲೋ ಎಚ್‌ಟಿ-2 ಹಾರಿಸಿದವರು, ರಿಪೇರಿ ಮಾಡಿದವರು ಇದ್ದರೆ ಅವರ ಹತ್ತಿರ ಕೂತು ಕೇಳಿ, ಮೊಬೈಲಿನಲ್ಲಿ ಧ್ವನಿ ಹಿಡಿದಿಡಿ. ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರೇ, ಆ ಧ್ವನಿಗಳನ್ನು ಇಟ್ಟುಕೊಂಡು, ಬೆಂಗಳೂರಿನಲ್ಲಿ ನಿಂತಿರುವ ವಿಮಾನವನ್ನು ಕಣ್ಣಾರೆ ನೋಡಿ ಬಂದು, ಎಚ್‌ಟಿ-2ಯನ್ನು ಮೊಳೆ ಮೊಳೆಯಾಗಿ ಕಂಪ್ಯೂಟರಿಗೆ ಇಳಿಸಿ. ಇಳಿಸಿದ ಮೇಲೆ ಎಲ್ಲರಿಗೂ ಪುಕ್ಕಟೆ ಕೊಡಿ.