ಬಿತ್ತುವ ಮೊದಲು ಬೀಜದ ಜೀವ ನೋಡಿರಿ



ಉತ್ತರಿ ಮಳೆ ಬಂದು ಎರೆ ಹೊಲ ನೆನೆಯಿತೆಂದರೆ ಬೇವೂರಿನ ಕಡೆ ಎಲ್ಲರ ಲಕ್ಷ್ಯ ಕೂರಿಗೆಯ ಮೇಲೆ. ಹಿಂಗಾರಿಗೆ ಸಿಗುವುದು ಬಹಳ ಮಾಡಿ ಒಂದೇ ಹಸಿ. ಬಿತ್ತಿದ ಬಿಳಿಜೋಳ ನಾಟಲಿಲ್ಲವೆಂದರೆ, ಮತ್ತೆ ಬಿತ್ತೋಣವೆಂದರೂ ನೆಲದಾಗ ಹಸಿ ಉಳಿದಿರೂದಿಲ್ಲ. ಆಗ ಮಳೆಯನ್ನು ಬಯ್ಯುತ್ತೇವೆ. ಖರೆ ನೋಡಿದರೆ ಎಷ್ಟೋ ಸಲ ತಪ್ಪು ಬೀಜದ್ದೇ ಇರುತ್ತದೆ.

ಒಣಗಿದ ಕಾಳಿನೊಳಗೆ ಒಂದು ಸಣ್ಣ ಸಸಿ ಮಲಗಿರುತ್ತದೆ. ಉಳಿದ ಬಿಳಿ ಹಿಟ್ಟೆಲ್ಲ ಅದರ ಬುತ್ತಿ. ಮಣ್ಣಿನ ಹಸಿ ಕುಡಿದು ಕಾಳು ಉಬ್ಬಿದಾಗ ಅದರ ಉಸಿರಾಟ ಜೋರಾಗುತ್ತದೆ. ಅದಕ್ಕೇ ನೀರಿನ ಸಂಗಡ ಗಾಳಿ, ಬೆಚ್ಚಗಿನ ಹವೆ ಬೇಕು. ನೀರು ನಿಂತಲ್ಲಿ ಗಾಳಿ ಸಿಗದೆ ಬೀಜ ಕೊಳೆಯುತ್ತದೆ. ಮೊದಲು ಬೇರು ಕೆಳಗಿಳಿಯುತ್ತದೆ, ಆಮೇಲೆ ಮೊಳಕೆ ಮೇಲೇಳುತ್ತದೆ. ಎಲೆ ಬಿಸಿಲು ಕಾಣುವ ತನಕ ಬುತ್ತಿಯೇ ಗತಿ. ಬಹಳ ಆಳಕ್ಕೆ ಬಿತ್ತಿದರೆ ನಡುದಾರಿಯಲ್ಲೇ ಬುತ್ತಿ ತೀರುತ್ತದೆ. ತೀರ ಮೇಲೆ ಬಿತ್ತಿದರೆ ಹಸಿ ಆರಿ ಮೊಳಕೆ ಒಣಗುತ್ತದೆ. ಸುಮಾರು 5 ಸೆಂಟಿಮೀಟರ್, ಅಂದರೆ ಎರಡು ಇಂಚು ಆಳದಾಗ, ಹಸಿ ಮಣ್ಣಿಗೇ ಬೀಜ ಬೀಳಬೇಕು.

ಹಗೇವಿನಲ್ಲಿ ಬೆವೆತ ಕಾಳು ನೋಡಲಿಕ್ಕೆ ಬೆಳ್ಳಗಿದ್ದರೂ ಒಳಗಿನ ಜೀವ ಹೋಗಿರಬಹುದು. "ಅದನ್ನ ಹೆಂಗ ತಿಳಕೋಬೇಕ್ರಿ?" ಅಂತ ಕೇಳುತ್ತೀರಿ. ಉಪಾಯ ಮನೆಯಲ್ಲೇ ಇದೆ.

ಚೀಲದ ಮೇಲೆ, ನಡುವೆ, ತಳದಲ್ಲಿ ಕೈಹಾಕಿ ಕಾಳು ತೆಗೆಯಿರಿ. ಆರಿಸಬೇಡಿರಿ, ಬಂದಂತೆ 100 ಎಣಿಸಿರಿ. ಒದ್ದೆ ಮಾಡಿ ಹಿಂಡಿದ ಗೋಣಿತಟ್ಟಿನ ಮೇಲೆ ಹತ್ತು ಹತ್ತರ ಸಾಲು ಹಚ್ಚಿ, ಸುರುಳಿ ಸುತ್ತಿ ನೆರಳಿನಲ್ಲಿಡಿರಿ. ಮುಂಜಾನೆ, ಸಂಜೆ ನೀರು ಚಿಮುಕಿಸಿರಿ. ಐದಾರು ದಿನಕ್ಕೆ ಬಿಚ್ಚಿ, ಬೇರು ಮೊಳಕೆ ಎರಡೂ ಗಟ್ಟಿಯಾಗಿ ಬಂದವನ್ನಷ್ಟೇ ಎಣಿಸಿರಿ.

75ಕ್ಕೆ ಕಡಿಮೆ ಇಲ್ಲದಿದ್ದರೆ ನಿಶ್ಚಿಂತೆಯಿಂದ ಬಿತ್ತಿರಿ. ಪ್ರಮಾಣಿತ ಜೋಳದ ಬೀಜಕ್ಕೂ ಸರಕಾರ ಇಟ್ಟ ಕನಿಷ್ಠ ಮಟ್ಟ ಇದೇ. 60 ಬಂದರೆ ಎಕರೆಗೆ 3 ಕಿಲೋ ಬದಲು ಪೌಣೆ ನಾಲ್ಕು ಕಿಲೋ ಬೇಕಾದೀತು. ಅರ್ಧಕ್ಕರ್ಧ ಸತ್ತಿದ್ದರೆ ಆ ಕಾಳು ರೊಟ್ಟಿಗಿರಲಿ, ಬೀಜ ಬೇರೆ ತರಿರಿ. ಪೇಟೆಯಿಂದ ತಂದ ಬೀಜಕ್ಕೆ ಔಷಧಿ ಹಚ್ಚಿರುತ್ತಾರೆ. ಉಳಿದದ್ದನ್ನು ಮನೆಮಂದಿಗಾಗಲಿ ದನಕ್ಕಾಗಲಿ ಹಾಕಬೇಡಿರಿ.

ಬೀಜ ಕಾಯ್ದಿಡುವವರು ತಾಯಂದಿರು. ಮಳೆ ಬಂದ ಮೇಲೆ ಇದಕ್ಕೆ ಪುರುಸೊತ್ತು ಸಿಗೂದಿಲ್ರಿ. ಎಂಟು ದಿನ ಮೊದಲೇ ನೂರು ಕಾಳು ಎಣಿಸಿ ಇಡಿರಿ.