ಬಡತನವೂ ಸಂತೃಪ್ತಿಯೂ

 

ಮಹೋತ್ಸವದ ಈ ದಿನಗಳಲ್ಲಿ ಶ್ರೀಮಠದ ಪ್ರಾಂಗಣವು ತಳಿರುತೋರಣಗಳಿಂದ ಶೋಭಿಸುತ್ತಿದೆ. ದಾಸೋಹದ ಒಲೆಯು ಹಗಲಿರುಳೂ ಉರಿಯುತ್ತಿದೆ. ಆದರೆ ಪಂಕ್ತಿಯಲ್ಲಿ ಕುಳಿತು ಪ್ರಸಾದವನ್ನು ಸ್ವೀಕರಿಸುವವರಲ್ಲಿ ಎಷ್ಟೋ ಮಂದಿ ತಮ್ಮ ಮನೆಯ ಒಲೆಯ ಚಿಂತೆಯನ್ನು ಎದೆಯಲ್ಲಿಟ್ಟುಕೊಂಡೇ ಬಂದಿರುವರು. ಮಳೆ ತಪ್ಪಿ ಬಿತ್ತಿದ ಬೀಜವನ್ನೂ ಕಳೆದುಕೊಂಡ ಒಕ್ಕಲಿಗನುಂಟು. ಉದ್ಯೋಗ ತಪ್ಪಿದ ಗೃಹಸ್ಥನುಂಟು. ಗಂಡನು ಬಿಟ್ಟುಹೋದ ಸಾಲಪತ್ರವನ್ನು ಸೆರಗಿನಲ್ಲಿ ಕಟ್ಟಿಕೊಂಡ ವಿಧವೆಯುಂಟು. ಇಂಥವರಿಗೆ ‘ಇದ್ದುದರಲ್ಲಿ ತೃಪ್ತರಾಗಿರಿ’ ಎಂದು ಹೇಳುವುದು ಹೊಟ್ಟೆ ತುಂಬಿದವನಿಗೆ ಬಹು ಸುಲಭ. ಕೇಳುವವರಿಗಾದರೋ ಅದು ಹಾಸ್ಯದಂತೆ ತೋರಬಹುದು. ಆದಕಾರಣ ತೃಪ್ತಿಯ ಮಾತನ್ನು ಸ್ವತಃ ಬಡವರಾಗಿದ್ದವರ ಬಾಯಿಂದಲೇ ಕೇಳತಕ್ಕದ್ದು. ಅಂಥ ದಂಪತಿಗಳೆಂದರೆ ಆಯ್ದಕ್ಕಿ ಮಾರಯ್ಯನವರೂ ಅವರ ಧರ್ಮಪತ್ನಿ ಲಕ್ಕಮ್ಮನವರೂ.

ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನಲ್ಲಿರುವ ಅಮರೇಶ್ವರವು ಈ ಸತಿಪತಿಗಳ ಮೂಲಸ್ಥಾನ. 12ನೆಯ ಶತಮಾನದಲ್ಲಿ ಬಸವಣ್ಣನವರ ಕೀರ್ತಿಯನ್ನು ಕೇಳಿ ಇವರು ಕಲ್ಯಾಣಕ್ಕೆ ಬಂದರು. ಹೊಲವಿಲ್ಲ, ಬಂಡವಾಳವಿಲ್ಲ. ಮಹಾಮನೆಯ ಅಂಗಳದಲ್ಲಿ ಚೆಲ್ಲಿಹೋದ ಅಕ್ಕಿಯ ಕಾಳುಗಳನ್ನು ಆಯ್ದು ತಂದು, ಅದನ್ನೇ ಬೇಯಿಸಿ, ಜಂಗಮಕ್ಕೆ ನೀಡಿ, ಉಳಿದುದನ್ನು ಪ್ರಸಾದವೆಂದು ಕೊಳ್ಳುವುದು ಇವರ ಕಾಯಕವಾಯಿತು. ಇದಕ್ಕಿಂತ ಕಿರಿದಾದ ಜೀವನೋಪಾಯವನ್ನು ಊಹಿಸುವುದು ಕಷ್ಟ. ಇಷ್ಟಾದರೂ ಇವರ ಪ್ರಸಂಗಕ್ಕೆ ‘ಶೂನ್ಯಸಂಪಾದನೆ’ಯಲ್ಲಿ ಪ್ರತ್ಯೇಕವಾದ ಸ್ಥಾನ ದೊರೆತಿದೆ. ಅದಕ್ಕೆ ಕಾರಣ ಲಕ್ಕಮ್ಮನವರು ಪತಿಗೆ ಹೇಳಿದ ಎರಡು ಮಾತುಗಳು.

ಒಮ್ಮೆ ಮಾರಯ್ಯನವರು ಅನುಭಾವದ ಗೋಷ್ಠಿಯಲ್ಲಿ ಮೈಮರೆತು ಕುಳಿತಿದ್ದರು. ಹೊತ್ತು ಮೀರಿತು. ಆಗ ಲಕ್ಕಮ್ಮನವರು ಬಂದು, ಕಾಯಕವು ನಿಂತುಹೋಗಿದೆ, ಏಳಿ ಎಂದು ಎಚ್ಚರಿಸಿದರು. ಮತ್ತೊಮ್ಮೆ ಬಸವಣ್ಣನವರು ಇವರ ನಿಷ್ಠೆಯನ್ನು ಪರೀಕ್ಷಿಸಬೇಕೆಂದು ಅಂಗಳದಲ್ಲಿ ಹೆಚ್ಚಾಗಿ ಅಕ್ಕಿಯನ್ನು ಚೆಲ್ಲಿಸಿದರೆಂದೂ, ಮಾರಯ್ಯನವರು ಅದನ್ನೆಲ್ಲ ಆಯ್ದು ಮನೆಗೆ ತಂದರೆಂದೂ ಕಥನವುಂಟು. ಲಕ್ಕಮ್ಮನವರು ಗಂಟನ್ನು ಕಂಡೊಡನೆಯೇ ಅಳತೆ ಮೀರಿರುವುದನ್ನರಿತರು. ಇಷ್ಟೊಂದು ಆಸೆ ಅರಸರಿಗೆ ಇರಬಹುದು, ಶಿವಭಕ್ತರಿಗೇತಕ್ಕೆ ಎಂದು ಕೇಳಿ, ನಿತ್ಯದ ಪ್ರಮಾಣವನ್ನು ಮಾತ್ರ ಉಳಿಸಿಕೊಂಡು ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಿರುಗಿಸಿದರು.

ಶರಣಬಂಧುಗಳೇ, ಈ ಎರಡು ಮಾತುಗಳನ್ನು ಕೂಡಿಸಿ ನೋಡಿದಲ್ಲದೆ ಸಂತೃಪ್ತಿಯ ಅರ್ಥವು ಪೂರ್ಣವಾಗದು. ಎರಡನೆಯದನ್ನು ಮಾತ್ರ ಹಿಡಿದವನು ‘ಇದ್ದಷ್ಟು ಸಾಕು’ ಎಂದು ಕೈಕಟ್ಟಿ ಕುಳಿತು ಆಲಸ್ಯಕ್ಕೆ ತೃಪ್ತಿಯೆಂದು ಹೆಸರಿಡುವನು. ಮೊದಲನೆಯದನ್ನು ಮಾತ್ರ ಹಿಡಿದವನು ದುಡಿದು ದುಡಿದು ಕೊನೆಗೆ ಗಂಟಿನ ಕಾವಲುಗಾರನಾಗುವನು. ಕೈ ನಿಲ್ಲಬಾರದು, ಕೈ ಮೀರಬಾರದು. ಇವೆರಡರ ನಡುವಣ ಹದವೇ ಲಕ್ಕಮ್ಮನವರ ತೃಪ್ತಿ. ಆ ಹದವನ್ನರಿತ ಮನಸ್ಸಿಗೆ ದ್ರವ್ಯದ ಕೊರತೆಯುಂಟಾದರೂ ದೈನ್ಯವುಂಟಾಗದು.

ಕಷ್ಟಕಾಲದಲ್ಲಿ ಮನುಷ್ಯನನ್ನು ಹೆಚ್ಚಾಗಿ ಕೆಡಿಸುವುದು ಅಳತೆಯ ಮರೆವು. ಮನೆಯಲ್ಲಿ ಕಾಳಿಲ್ಲದಿದ್ದರೂ ಮಗಳ ಮದುವೆಯ ಚಪ್ಪರವು ನೆರೆಯವನ ಚಪ್ಪರಕ್ಕಿಂತ ಒಂದು ಗೇಣು ಎತ್ತರವಾಗಿರಬೇಕೆಂಬ ಹಂಬಲವು ಎಷ್ಟು ಮನೆತನಗಳನ್ನು ಮುಳುಗಿಸಿಲ್ಲ! ತಿಂಗಳಿಗೆ ನೂರಕ್ಕೆ 3 ರೂಪಾಯಿಯಂತೆ ಸಾಲ ತಂದವನು ವರ್ಷಕ್ಕೆ 36 ರೂಪಾಯಿ ಬಡ್ಡಿಯನ್ನು ತೆರಬೇಕು. ಮೂರು ವರ್ಷ ತುಂಬುವುದಕ್ಕೆ ಮೊದಲೇ ಬಡ್ಡಿಯು ಅಸಲನ್ನು ಮೀರುವುದು. ಒಂದು ದಿನದ ಹೊಗಳಿಕೆಗಾಗಿ ಮಕ್ಕಳ ಹತ್ತು ವರ್ಷಗಳ ಅನ್ನವನ್ನು ಒತ್ತೆಯಿಡುವುದು ಗೌರವವಾದೀತೆ? ‘ಇಷ್ಟೇ ನಮ್ಮ ಶಕ್ತಿ’ ಎಂದು ನಾಲ್ಕು ಜನರೆದುರು ಹೇಳುವುದಕ್ಕೆ ಧೈರ್ಯ ಬೇಕು. ತುಂಬಿದ ಗಂಟನ್ನು ಹಿಂದಕ್ಕೆ ಕಳುಹಿಸಿದ ಲಕ್ಕಮ್ಮನವರ ಧೈರ್ಯದ ಅಂಶವೇ ಅದು.

ಆದರೆ ಎಲ್ಲ ಕೊರತೆಯೂ ಅಳತೆಗೇಡಿನಿಂದ ಬಂದದ್ದಲ್ಲ ಎಂಬುದನ್ನು ಸಹ ಮರೆಯಲಾಗದು. 1876ರಿಂದ 1878ರವರೆಗಿನ ಧಾತು-ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ ಕನ್ನಡನಾಡಿನಲ್ಲಿ ಲಕ್ಷಾಂತರ ಜನರು ಅನ್ನವಿಲ್ಲದೆ ಮಡಿದರು. 2020ರಲ್ಲಿ ಮಹಾಮಾರಿಯ ನಿಮಿತ್ತ ವ್ಯವಹಾರಗಳೆಲ್ಲ ನಿಂತಾಗ ದಿನಗೂಲಿಯವರು ತಮ್ಮದಲ್ಲದ ತಪ್ಪಿಗೆ ಕೂಲಿಯನ್ನು ಕಳೆದುಕೊಂಡರು. ಅಂಥವರಿಗೆ ಮೊದಲು ಗಂಜಿಯನ್ನೆರೆಯಬೇಕು, ಉಪದೇಶವು ಆಮೇಲಿನದು. ಹಾಗೆಯೇ ಬಡ್ಡಿಯ ಉರುಳನ್ನು ತೃಪ್ತಿಯ ಹೆಸರಿನಲ್ಲಿ ಸಹಿಸಿಕೊಂಡಿರಬೇಕೆಂದು ಯಾವ ಶರಣರೂ ಹೇಳಲಿಲ್ಲ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳ್ತನದಲ್ಲಿ ರೈತರು ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ಒಬ್ಬೊಬ್ಬರ ಕೈಯಲ್ಲಿದ್ದುದು ಸ್ವಲ್ಪವೇ. ಸ್ವಲ್ಪಸ್ವಲ್ಪವು ಕೂಡಿದಾಗ ಸಾಹುಕಾರನ ಬಾಗಿಲನ್ನು ಕಾಯುವ ಗತಿ ತಪ್ಪಿತು. ಕಾಳುಕಾಳನ್ನು ಆಯ್ದು ದಾಸೋಹ ನಡೆಸಿದ ನಾಡಿಗೆ ಇದು ಒಪ್ಪುವ ಮಾರ್ಗ.

ಇನ್ನೊಂದು ವಿಷಯ. ಬರಿಗೈಯಲ್ಲಿ ಹೇಗೆ ಹೋಗುವುದೆಂದು ನಾಚಿ ಕಷ್ಟಕಾಲದಲ್ಲಿ ಮಠಕ್ಕೆ ಬರುವುದನ್ನೇ ಬಿಟ್ಟುಬಿಡುವ ಭಕ್ತರುಂಟು. ಮಾರಯ್ಯನವರ ಗುಡಿಸಲಿನಲ್ಲಿ ಆಯ್ದ ಅಕ್ಕಿಯಿಂದಲೇ ದಾಸೋಹವು ನಡೆಯಿತಷ್ಟೆ. ಆ ಅನ್ನವನ್ನು ಯಾರೂ ತೂಗಿ ನೋಡಲಿಲ್ಲ. ಬಡತನವು ಮನುಷ್ಯನಿಂದ ಅನೇಕ ವಸ್ತುಗಳನ್ನು ಕಸಿದುಕೊಳ್ಳಬಲ್ಲುದು. ಕೊಡುವ ಅಧಿಕಾರವನ್ನು ಮಾತ್ರ ಅವನಾಗಿ ಬಿಟ್ಟುಕೊಟ್ಟಲ್ಲದೆ ಕಸಿಯಲಾರದು. ಒಂದು ಹಿಡಿ ಜೋಳ, ಒಂದು ಹೊತ್ತಿನ ಸೇವೆ, ಅಂಗಳದ ಕಸವನ್ನು ಗುಡಿಸುವ ಕೈ ಇವೂ ದಾಸೋಹವೇ. ಏನನ್ನೂ ತರಲಾರದ ದಿನ ಬರಿಗೈಯಲ್ಲಿ ಬಂದು ಪಂಕ್ತಿಯಲ್ಲಿ ಕುಳಿತರೂ ಕುಂದಿಲ್ಲ.

ಉಳ್ಳವರಿಗೂ ಇಲ್ಲಿ ಒಂದು ಪಾಠವಿದೆ. ಸೌದೆಯನ್ನು ಮಾರಿ ಬದುಕುತ್ತಿದ್ದ ಮೋಳಿಗೆ ಮಾರಯ್ಯನವರ ಮನೆಯಲ್ಲಿ ಬಸವಣ್ಣನವರು ಗುಟ್ಟಾಗಿ ಹೊನ್ನನ್ನಿಟ್ಟು ಬಂದರೆಂದೂ, ಅವರು ಅದನ್ನು ಮುಟ್ಟದೆ ಜಂಗಮರಿಗೆ ಹಂಚಿಬಿಟ್ಟರೆಂದೂ ಪುರಾತನರ ಚರಿತ್ರೆಯು ಹೇಳುತ್ತದೆ. ದುಡಿಯುವವನ ಮಾನವು ಹೊನ್ನಿಗಿಂತ ಭಾರವಾದದ್ದು. ಆದುದರಿಂದ ನೆರೆಯವನಿಗೆ ನೆರವಾಗುವವರು ಅವನ ತಲೆ ತಗ್ಗದಂತೆ ನೆರವಾಗಲಿ. ಸಾಧ್ಯವಿದ್ದಲ್ಲಿ ಕೆಲಸವನ್ನು ಕೊಡಲಿ, ದುಡಿದುದಕ್ಕೆ ಕೂಲಿಯನ್ನು ತಡವಿಲ್ಲದೆ ಕೊಡಲಿ. ತಮ್ಮ ಕಣಜದ ಬಾಗಿಲನ್ನು ಮುಚ್ಚಿಕೊಂಡು ಬಡವನಿಗೆ ತೃಪ್ತಿಯನ್ನು ಬೋಧಿಸುವ ಅಧಿಕಾರವು ಯಾರಿಗೂ ಇಲ್ಲ.

ಹೀಗೆ ಇಲ್ಲದವನು ಅಳತೆಯನ್ನರಿತು, ಉಳ್ಳವನು ಮಿಕ್ಕುದನ್ನು ಹಿಂದಿರುಗಿಸಿ, ಇಬ್ಬರೂ ಕಾಯಕವನ್ನು ಬಿಡದೆ ನಡೆದಲ್ಲಿ ಸಂತೃಪ್ತಿಯು ತಾನಾಗಿಯೇ ಮನೆಗೆ ಬಂದು ನೆಲಸುವುದು. ಶ್ರೀಗುರುವಿನ ಕೃಪೆಯಿಂದ ಭಕ್ತರೆಲ್ಲರ ಒಲೆಗಳು ಉರಿಯುತ್ತಿರಲಿ, ಮನಸ್ಸುಗಳು ತಣಿದಿರಲಿ.